ಧೂಳು ಹಿಡಿಯುವ ಯಂತ್ರದ ಪೂರ್ವೋತ್ತರ

ಮರಗೆಲಸವನ್ನು ಹೊಟ್ಟೆಪಾಡಿಗಾಗಿ ಮಾಡುವವರು ಒಂದು ಬಗೆ. ಮನಸ್ಸಿನ ಸಂತೋಷಕ್ಕಾಗಿ ಮಾಡುವವರು ಇನ್ನೊಂದು ಬಗೆ. ಈ ಎರಡನೆಯವರು ಮನೆಯ ಹಿಂದಣ ಕೊಠಡಿಯಲ್ಲಿ ವಿದ್ಯುತ್ತಿನ ಗರಗಸವನ್ನೂ ಉಜ್ಜುವ ಯಂತ್ರವನ್ನೂ ಇಟ್ಟುಕೊಂಡು, ರಜೆಯ ದಿನಗಳಲ್ಲಿ ಮಣೆಯನ್ನೋ ಪುಸ್ತಕದ ಬೀರುವನ್ನೋ ತಯಾರಿಸುತ್ತಾರೆ. ಕೆಲಸ ಅಚ್ಚುಕಟ್ಟಾಗಿಯೇ ಇರುತ್ತದೆ. ಆದರೆ ಒಣಹಾಕಿದ ಬಟ್ಟೆಯ ಮೇಲೆ, ಅಡುಗೆಮನೆಯ ಪಾತ್ರೆಗಳ ಮೇಲೆ, ಕಡೆಗೆ ರೇಡಿಯೋ ಪೆಟ್ಟಿಗೆಯ ಮೇಲೆ ಕೂಡ ನವುರಾದ ಧೂಳು ಬಂದು ಕೂರುತ್ತದೆ. ಆಗ ಧೂಳು ಹೀರುವ ಯಂತ್ರವೊಂದನ್ನು ಕೊಳ್ಳಬೇಕೆಂಬ ಮಾತು ಹೊರಡುತ್ತದೆ. ಅಂಗಡಿಗೆ ಹೋದರೆ ಅಲ್ಲಿ ಅದು ಒಂದೇ ಬಗೆಯಲ್ಲ, ಬೆಲೆಯಲ್ಲಿಯೂ ಅಜಗಜಾಂತರ. ಯಾವುದನ್ನು ಆರಿಸಬೇಕು? ಈ ಪ್ರಶ್ನೆಗೆ ಯಂತ್ರಶಾಸ್ತ್ರ ಮಾತ್ರವಲ್ಲ, ಇತಿಹಾಸವೂ ಉತ್ತರ ಹೇಳಬಲ್ಲದು. ಈ ಯಂತ್ರದ ಒಂದೊಂದು ಅಂಗವೂ ಯಾವ ಕಷ್ಟದಿಂದ ಹುಟ್ಟಿತೆಂದು ತಿಳಿದವರಿಗೆ ಆಯ್ಕೆ ಅಷ್ಟು ಕಠಿಣವಲ್ಲ.

ಮೊದಲು ಧೂಳಿನ ವಿಚಾರ. ಕನ್ನಡದಲ್ಲಿ ‘ಕಣ’ ಎಂಬ ಒಂದೇ ಉಚ್ಚಾರಣೆಯ ಎರಡು ಪದಗಳುಂಟು. ಸಂಸ್ಕೃತದಿಂದ ಬಂದ ‘ಕಣ’ ಎಂದರೆ ಅತಿ ಸಣ್ಣ ಚೂರು. ನಮ್ಮ ರೈತರ ‘ಕಣ’ ಎಂದರೆ ಒಕ್ಕಣೆಯ ಜಾಗ. ನಮ್ಮ ವಿಷಯಕ್ಕೆ ಎರಡೂ ಬೇಕು. ರೈತನು ಕಣದಲ್ಲಿ ನಿಂತು ರಾಶಿಯನ್ನು ಗಾಳಿಗೆ ತೂರಿದಾಗ ಗಟ್ಟಿ ಕಾಳು ಕಾಲ ಬಳಿಯೇ ಬೀಳುತ್ತದೆ. ಹೊಟ್ಟು ಸ್ವಲ್ಪ ದೂರ ಹೋಗುತ್ತದೆ. ಎಲ್ಲಕ್ಕಿಂತ ನವುರಾದ ಸುಂಕು ಗಾಳಿಯಲ್ಲಿ ತೇಲುತ್ತ, ತೂರುವವನ ಮೂಗನ್ನೂ ಹೊಗುತ್ತದೆ. ಬಡಗಿಯ ಕೆಲಸದಲ್ಲಿಯೂ ಇವೇ ಮೂರು ದರ್ಜೆಗಳು: ಚಕ್ಕೆ, ಹೊಟ್ಟು, ಸುಂಕು. ಮೊದಲಿನ ಎರಡನ್ನು ಹಿಡಿಯುವ ಉಪಾಯ ಬೇಗ ದೊರೆಯಿತು. ಮೂರನೆಯದನ್ನು ಹಿಡಿಯಬೇಕೆಂಬ ಅರಿವು ಬರಲು ಬಹಳ ಕಾಲ ಬೇಕಾಯಿತು. ಅದಕ್ಕೆ ತೆತ್ತ ಬೆಲೆಯೂ ದೊಡ್ಡದು.

ಹಳೆಯ ಕಾಲದ ಮರಗೆಲಸದಲ್ಲಿ ಸುಂಕು ಕಡಮೆ. ಇಂಗ್ಲೆಂಡಿನ ಬಕಿಂಗ್‌ಹ್ಯಾಮ್‌ಷೈರಿನಲ್ಲಿ ಹೈ ವಿಕಂಬ್ ಎಂಬ ಊರುಂಟು. ಅದರ ಸುತ್ತಲಿನ ಚಿಲ್ಟರ್ನ್ ಬೆಟ್ಟಗಳಲ್ಲಿ ಬೀಚ್ ಮರದ ಕಾಡು. ಕುಶಲಕರ್ಮಿಗಳು ಕಾಡಿನೊಳಗೇ ಗುಡಿಸಲು ಹಾಕಿ, ಆಗತಾನೇ ಕಡಿದ ಹಸಿಮರವನ್ನು ಸೀಳಿ, ಕಾಲಿನಿಂದ ತುಳಿದು ತಿರುಗಿಸುವ ಚರಕಿಗೆ ಸಿಕ್ಕಿಸಿ ಕುರ್ಚಿಯ ಕಾಲುಗಳನ್ನು ಕಡೆಯುತ್ತಿದ್ದರು. ಹಸಿಮರಕ್ಕೆ ಹರಿತವಾದ ಉಳಿ ತಗುಲಿದರೆ ಏಳುವುದು ಧೂಳಲ್ಲ, ಒದ್ದೆ ಸುರುಳಿ. ಅದು ನೆಲಕ್ಕೆ ಬಿದ್ದರೆ ಬಿದ್ದಲ್ಲೇ ಇರುತ್ತದೆ. ಕೆಲಸವೋ ಬಯಲಲ್ಲಿ. ಒಣಮರ, ವೇಗದ ಯಂತ್ರ, ಉಪ್ಪುಕಾಗದ, ಮುಚ್ಚಿದ ಕೋಣೆ, ಈ ನಾಲ್ಕೂ ಒಂದೆಡೆ ಕೂಡಿದ ಮೇಲೆ ಕಥೆ ಬದಲಾಯಿತು. ೧೮೭೫ರ ಹೊತ್ತಿಗೆ ಹೈ ವಿಕಂಬಿನಲ್ಲಿ ದಿನವೊಂದಕ್ಕೆ ೪,೭೦೦ ಕುರ್ಚಿಗಳು ತಯಾರಾಗುತ್ತಿದ್ದುವೆಂದು ಅಂದಾಜು. ಈ ಊರನ್ನು ನೆನಪಿನಲ್ಲಿಡಿ. ಮತ್ತೆ ಅಲ್ಲಿಗೆ ಬರುತ್ತೇವೆ.

ಕಾರ್ಖಾನೆಯ ಧೂಳನ್ನು ಮೊದಲು ಓಡಿಸಿದ್ದು ಬೀಸಣಿಗೆ. ಅಮೆರಿಕೆಯಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಸ್ಟರ್ಟೆವಾಂಟ್ ಎಂಬ ಚಮ್ಮಾರನಿದ್ದ. ಆಗಿನ ಪಾದರಕ್ಷೆಗಳ ಅಟ್ಟೆಗೆ ಮರದ ಚಿಕ್ಕ ಮೊಳೆಗಳನ್ನು ಹೊಡೆಯುತ್ತಿದ್ದರು. ಅದಕ್ಕಾಗಿ ಅವನು ಯಂತ್ರ ಮಾಡಿದ. ಆ ಯಂತ್ರ ಎಬ್ಬಿಸಿದ ಮರದ ಧೂಳನ್ನು ಎಳೆದು ಹಾಕಲು ೧೮೬೦ರ ದಶಕದಲ್ಲಿ ತಿರುಗುವ ಬೀಸಣಿಗೆಯನ್ನೂ ಮಾಡಿದ. ಕಡೆಗೆ ಬೀಸಣಿಗೆಯೇ ಅವನ ಮುಖ್ಯ ವ್ಯಾಪಾರವಾಯಿತು. ಆದರೆ ಬೀಸಣಿಗೆಗೆ ಧೂಳನ್ನು ಒಯ್ಯುವುದು ಗೊತ್ತೇ ಹೊರತು ಹಿಡಿದಿಡುವುದು ಗೊತ್ತಿಲ್ಲ.

ಹಿಡಿದಿಡುವ ವಿದ್ಯೆಯನ್ನು ಕಲಿಸಿದ್ದು ಬೆಂಕಿ. ೧೮೭೮ನೆಯ ಇಸವಿ ಮೇ ೨ರಂದು ಅಮೆರಿಕೆಯ ಮಿನಿಯಾಪೊಲಿಸ್ ನಗರದ ವಾಷ್‌ಬರ್ನ್ ಹಿಟ್ಟಿನ ಗಿರಣಿಯಲ್ಲಿ ಗಾಳಿಯಲ್ಲಿ ತುಂಬಿದ್ದ ಹಿಟ್ಟಿನ ಧೂಳಿಗೆ ಕಿಡಿ ತಗುಲಿ ಇಡೀ ಕಟ್ಟಡ ಸಿಡಿಯಿತು. ಹದಿನೆಂಟು ಮಂದಿ ಮಡಿದರು. ಧೂಳು ಕೂಡ ಮದ್ದಿನಂತೆ ಸಿಡಿಯಬಲ್ಲದೆಂಬುದು ಆಗ ಗಿರಣಿಯ ಒಡೆಯರಿಗೆಲ್ಲ ಮನವರಿಕೆಯಾಯಿತು. ೧೮೮೫ರಲ್ಲಿ ಜಾನ್ ಫಿಂಚ್ ಎಂಬ ಅಮೆರಿಕನ್ನನಿಗೆ ಒಂದು ಹೊಸ ಸಾಧನಕ್ಕೆ ಪೇಟೆಂಟು ಸಿಕ್ಕಿತು. ಅದೇ ಇಂದು ‘ಸೈಕ್ಲೋನ್’ ಎಂದು ಕರೆಯಲ್ಪಡುವ ಸಾಧನದ ಮೂಲ. ಆಲಿಕೆಯಂತೆ ಕೆಳಗೆ ಕಿರಿದಾಗುವ ಡಬ್ಬಿಯೊಳಕ್ಕೆ ಧೂಳುಗಾಳಿಯನ್ನು ಓರೆಯಾಗಿ ನುಗ್ಗಿಸಿದರೆ ಅದು ಸುಂಟರಗಾಳಿಯಂತೆ ಸುತ್ತುತ್ತದೆ. ಭಾರವಾದ ಚೂರುಗಳು ಅಂಚಿಗೆ ಒತ್ತಿ, ಗೋಡೆ ಹಿಡಿದು ಕೆಳಗಿನ ಪಾತ್ರೆಗೆ ಜಾರುತ್ತವೆ. ಹಗುರಾದ ಗಾಳಿ ನಡುವಿನಿಂದ ಮೇಲೇರಿ ಹೊರಟುಹೋಗುತ್ತದೆ. ನಮ್ಮ ರೈತನು ನೇರ ಗಾಳಿಯಲ್ಲಿ ಮಾಡುವುದನ್ನು ಇದು ಸುತ್ತುವ ಗಾಳಿಯಲ್ಲಿ ಮಾಡುತ್ತದೆ, ಅಷ್ಟೆ. ಬಟ್ಟೆ ಬೇಡ, ಜಾಲರಿ ಬೇಡ, ಕಟ್ಟಿಕೊಳ್ಳುವ ತೊಂದರೆ ಇಲ್ಲ. ಮರದ ಗಿರಣಿಗಳೂ ಇದನ್ನು ಆದರದಿಂದ ಬರಮಾಡಿಕೊಂಡವು. ಆದರೆ ತೂರುವಾಗ ತಪ್ಪಿಸಿಕೊಳ್ಳುವ ಸುಂಕು ಇಲ್ಲಿಯೂ ಸ್ವಲ್ಪಮಟ್ಟಿಗೆ ತಪ್ಪಿಸಿಕೊಳ್ಳುತ್ತದೆ.

ಸೋಸುವ ಬಟ್ಟೆಯ ಮಹತ್ವವನ್ನು ಮನೆಮನೆಗೂ ತಿಳಿಸಿದವರು ಬೇರೆ ಇಬ್ಬರು. ಇಂಗ್ಲೆಂಡಿನ ಎಂಜಿನಿಯರ್ ಹ್ಯೂಬರ್ಟ್ ಸೆಸಿಲ್ ಬೂತ್, ಊದಿ ಧೂಳು ತೆಗೆಯುವ ಯಂತ್ರವೊಂದನ್ನು ನೋಡಿ, ಊದುವುದಕ್ಕಿಂತ ಹೀರುವುದು ಮೇಲೆಂದು ಯೋಚಿಸಿದ. ಕುರ್ಚಿಯ ಮೆತ್ತೆಯ ಮೇಲೆ ಕೈವಸ್ತ್ರವಿಟ್ಟು ಬಾಯಿಂದ ಬಲವಾಗಿ ಹೀರಿ, ವಸ್ತ್ರದ ಅಡಿಭಾಗ ಕಪ್ಪಾದುದನ್ನು ಕಂಡು ತೃಪ್ತನಾದ. ೧೯೦೧ರಲ್ಲಿ ಅವನು ಪೇಟೆಂಟು ಪಡೆದ ಯಂತ್ರ ಕುದುರೆ ಎಳೆಯುವ ಗಾಡಿಯಷ್ಟು ದೊಡ್ಡದು. ಅದನ್ನು ಬೀದಿಯಲ್ಲಿ ನಿಲ್ಲಿಸಿ, ಉದ್ದನೆಯ ಕೊಳವೆಗಳನ್ನು ಕಿಟಕಿಯಿಂದ ಒಳಕ್ಕೆ ಬಿಡುತ್ತಿದ್ದರು. ಅಮೆರಿಕೆಯ ಓಹಾಯೋ ಪ್ರಾಂತದಲ್ಲಿ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್ ಎಂಬ ಜಾಡಮಾಲಿಗೆ ಉಬ್ಬಸ. ಗುಡಿಸುವ ಧೂಳು ತಾಳಲಾರದೆ ಅವನು ಬೀಸಣಿಗೆ, ಪೆಟ್ಟಿಗೆ, ದಿಂಬಿನ ಗವುಸು ಇವುಗಳಿಂದ ಕೈಯಲ್ಲಿ ತಳ್ಳುವ ಯಂತ್ರ ಕಟ್ಟಿ ೧೯೦೮ರಲ್ಲಿ ಪೇಟೆಂಟು ಪಡೆದ. ಹೂವರ್ ಮನೆತನದವರು ಅದನ್ನು ಕೊಂಡು ಲೋಕಪ್ರಸಿದ್ಧಗೊಳಿಸಿದರು. ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಗಿರಣಿಯವರು ಧೂಳು ಹಿಡಿದದ್ದು ಬೆಂಕಿಯ ಭಯಕ್ಕೆ, ಕಾರ್ಖಾನೆಯವರು ಕೆಲಸದ ಅನುಕೂಲಕ್ಕೆ, ಬೂತನು ಶುಚಿಗೆ. ತನ್ನ ಉಸಿರಿಗಾಗಿ ಧೂಳು ಹಿಡಿಯಲು ಹೊರಟವನು ಇವರಲ್ಲಿ ಆ ಜಾಡಮಾಲಿಯೊಬ್ಬನೇ.

ಉಸಿರಿನ ವಿಚಾರವನ್ನು ವೈದ್ಯರು ಹೇಳಿರಲಿಲ್ಲವೆಂದಲ್ಲ. ಇಟಲಿಯ ರಾಮಾಜಿನಿ ಎಂಬ ವೈದ್ಯ ೧೭೦೦ರಲ್ಲಿಯೇ ಕಸುಬುದಾರರ ರೋಗಗಳ ಮೇಲೆ ಒಂದು ಗ್ರಂಥ ಬರೆದು, ರೋಗಿಯನ್ನು ಕೇಳುವ ಪ್ರಶ್ನೆಗಳ ಜೊತೆಗೆ ‘ನಿನ್ನ ಕಸುಬೇನು?’ ಎಂಬುದನ್ನೂ ಸೇರಿಸಬೇಕೆಂದು ವಿಧಿಸಿದ್ದ. ಬಡಗಿಯ ಮಟ್ಟಿಗೆ ಆ ಪ್ರಶ್ನೆಗೆ ಉತ್ತರ ದೊರೆತದ್ದು ಎರಡೂವರೆ ಶತಮಾನಗಳ ಮೇಲೆ, ನಾವು ಹಿಂದೆ ಕಂಡ ಹೈ ವಿಕಂಬಿನಲ್ಲಿ.

ಆ ಊರಿನ ಆಸ್ಪತ್ರೆಯಲ್ಲಿ ಕಿವಿ, ಮೂಗು, ಗಂಟಲುಗಳ ಶಸ್ತ್ರವೈದ್ಯೆಯಾಗಿದ್ದವರು ಎಸ್ಮೆ ಹ್ಯಾಡ್‌ಫೀಲ್ಡ್. ಮೂಗಿನೊಳಗಿನ ಒಂದು ಬಗೆಯ ಕ್ಯಾನ್ಸರ್ ಅತ್ಯಂತ ವಿರಳ. ಆದರೆ ಅದು ತಮ್ಮಲ್ಲಿಗೆ ಬರುವ ಪೀಠೋಪಕರಣದ ಕೆಲಸಗಾರರಲ್ಲಿ ಮತ್ತೆ ಮತ್ತೆ ಕಾಣುತ್ತಿರುವುದನ್ನು ಅವರು ಗುರುತಿಸಿದರು. ಆಕ್ಸ್‌ಫರ್ಡಿನ ವೈದ್ಯರಾದ ಮ್ಯಾಕ್‌ಬೆತ್, ಅಚೆಸನ್ ಮೊದಲಾದವರು ಅವರ ಜೊತೆಗೂಡಿದರು. ೧೯೬೫ರಲ್ಲಿ ಮ್ಯಾಕ್‌ಬೆತ್ ಅವರ ಲೇಖನ ಹೊರಬಿತ್ತು. ೧೯೬೮ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಎಲ್ಲರೂ ಸೇರಿ ಬರೆದ ವರದಿ ಪ್ರಕಟವಾಯಿತು. ಈ ರೋಗ ಇತರರಿಗಿಂತ ಪೀಠೋಪಕರಣ ಮಾಡುವವರಲ್ಲಿ ನೂರಾರು ಪಟ್ಟು ಹೆಚ್ಚೆಂದು ಅದರಿಂದ ತಿಳಿದುಬಂತು. ಇದು ಮೆರುಗೆಣ್ಣೆಯ ದೋಷವಿರಬಹುದೇ? ಹಾಗಿದ್ದರೆ ಮೆರುಗು ಹಾಕುವವರೂ ನರಳಬೇಕಿತ್ತು. ನರಳಿದವರು ಕೊಯ್ಯುವವರು, ಕಡೆಯುವವರು, ಜೋಡಿಸುವವರು. ದೋಷ ಮರದ ಧೂಳಿನದೇ. ಅದರಲ್ಲಿಯೂ ಬೀಚ್, ಓಕ್ ಮೊದಲಾದ ಗಟ್ಟಿಮರಗಳದು. ಧೂಳು ಕುಡಿದ ಮೇಲೆ ರೋಗ ತಲೆದೋರಲು ಮೂವತ್ತು, ನಲವತ್ತು ವರ್ಷಗಳೇ ಹಿಡಿಯುತ್ತಿದ್ದುದರಿಂದ ಕಾರಣಕ್ಕೂ ಕಾರ್ಯಕ್ಕೂ ಇದ್ದ ನಂಟು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ೧೯೬೯ರಲ್ಲಿ ಬ್ರಿಟಿಷ್ ಸರ್ಕಾರ ಇದನ್ನು ಪರಿಹಾರಕ್ಕೆ ಅರ್ಹವಾದ ವೃತ್ತಿರೋಗವೆಂದು ಒಪ್ಪಿತು. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ೧೯೯೫ರಲ್ಲಿ ಮರದ ಧೂಳನ್ನು ಕ್ಯಾನ್ಸರ್ ತರುವ ಪದಾರ್ಥಗಳ ಮೊದಲ ವರ್ಗಕ್ಕೆ ಸೇರಿಸಿತು. ಬ್ರಿಟನ್ನಿನ ಕಾರ್ಖಾನೆಗಳಲ್ಲಿ ಗಟ್ಟಿಮರದ ಧೂಳಿನ ಮಿತಿ ಒಂದು ಘನ ಮೀಟರ್ ಗಾಳಿಗೆ ೫ ಮಿಲಿಗ್ರಾಂ ಇದ್ದದ್ದು ೨೦೨೦ರಿಂದ ೩ಕ್ಕೆ ಇಳಿಯಿತು.

ಓದುಗರು ಬೆದರಬೇಕಾಗಿಲ್ಲ. ಆ ಕೆಲಸಗಾರರು ದಿನವೆಲ್ಲ, ವರ್ಷಾನುಗಟ್ಟಲೆ ಧೂಳಿನಲ್ಲಿಯೇ ನಿಂತವರು. ವಾರಕ್ಕೊಮ್ಮೆ ಮಣೆ ಕೆತ್ತುವವರ ಸ್ಥಿತಿ ಬೇರೆ. ಆದರೆ ಕಾರ್ಖಾನೆಗೆ ಕಾನೂನು ಉಂಟು, ತನಿಖೆಯವರು ಉಂಟು; ಮನೆಯ ಕೊಠಡಿಗೆ ಯಜಮಾನನೇ ತನಿಖೆಯವನು. ಪಕ್ಕದ ಕೋಣೆಯಲ್ಲಿ ಮಲಗಿರುವ ಮಗುವೂ ಅದೇ ಗಾಳಿಯನ್ನು ಸೇವಿಸುತ್ತದೆ.

ಹಾಗಾದರೆ ಆಯ್ಕೆ ಹೇಗೆ? ಅಂಗಡಿಯಲ್ಲಿ ಸಿಗುವವು ಮುಖ್ಯವಾಗಿ ಮೂರು ಬಗೆ. ಮೊದಲನೆಯದು ಬೂತ್, ಸ್ಪ್ಯಾಂಗ್ಲರರ ವಂಶದ ಹೀರುಯಂತ್ರ: ಸಣ್ಣ ಕೊಳವೆ, ಬಲವಾದ ಸೆಳೆತ, ಆದರೆ ಗಾಳಿಯ ಮೊತ್ತ ಕಡಮೆ. ಕೈಯಲ್ಲಿ ಹಿಡಿದು ಉಜ್ಜುವ ಯಂತ್ರಕ್ಕೆ ಇದು ಸಾಕು. ಎರಡನೆಯದು ಸ್ಟರ್ಟೆವಾಂಟನ ವಂಶದ್ದು: ದೊಡ್ಡ ಬೀಸಣಿಗೆ, ಅದರ ಮುಂದೆ ಚೀಲ. ಇದರಲ್ಲಿ ಚಕ್ಕೆಯೂ ಹೊಟ್ಟೂ ಬೀಸಣಿಗೆಯ ಮೂಲಕವೇ ಹಾದು ಚೀಲಕ್ಕೆ ಬೀಳುತ್ತವೆ. ಮೂರನೆಯದು ಫಿಂಚನ ಸೈಕ್ಲೋನನ್ನು ಬೀಸಣಿಗೆಗಿಂತ ಮೊದಲು ಇಟ್ಟದ್ದು: ಒರಟಾದುದೆಲ್ಲ ಡಬ್ಬಿಗೆ ಬೀಳುತ್ತದೆ, ನವುರಾದುದು ಮಾತ್ರ ಸೋಸುಬಟ್ಟೆಗೆ ಹೋಗುತ್ತದೆ, ಆದ್ದರಿಂದ ಬಟ್ಟೆ ಬೇಗ ಕಟ್ಟಿಕೊಳ್ಳುವುದಿಲ್ಲ. ಕೈಯಲ್ಲಿ ಹಣವೂ ಕೊಠಡಿಯಲ್ಲಿ ಜಾಗವೂ ಇದ್ದವರಿಗೆ ಇದೇ ಮೇಲು.

ಯಾವ ಬಗೆಯಾದರೂ ಕೇಳಬೇಕಾದ ಪ್ರಶ್ನೆಗಳು ಎರಡು. ‘ಸೋಸುಬಟ್ಟೆ ಎಷ್ಟು ನವುರನ್ನು ಹಿಡಿಯುತ್ತದೆ?’ ಎಂಬುದು ಮೊದಲನೆಯದು. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ನಮ್ಮ ತಲೆಗೂದಲು ಸುಮಾರು ೭೦ ಮೈಕ್ರಾನ್ ದಪ್ಪ. ೧೦ ಮೈಕ್ರಾನಿಗಿಂತ ಸಣ್ಣ ಕಣ ಕಣ್ಣಿಗೆ ಕಾಣದು, ಬೇಗ ನೆಲಕ್ಕೂ ಇಳಿಯದು. ಅಗ್ಗದ ಚೀಲಗಳು ೩೦ ಮೈಕ್ರಾನಿನವು. ಅವು ನೆಲವನ್ನು ಶುಚಿಯಾಗಿಟ್ಟು, ಉಸಿರಿಗೆ ಹೋಗುವ ಸುಂಕನ್ನು ಕೋಣೆಗೇ ತೂರುತ್ತವೆ. ಧೂಳು ಹಿಡಿಯುವ ಯಂತ್ರ ಆಗ ಧೂಳು ಹರಡುವ ಯಂತ್ರವಾಗುತ್ತದೆ. ೧ ಮೈಕ್ರಾನಿನಷ್ಟು ನವುರನ್ನು ಹಿಡಿಯುವ ಬಟ್ಟೆ ಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಣುಶಕ್ತಿಯ ಕೆಲಸದಲ್ಲಿ ಏಳುವ ವಿಷಕಣಗಳನ್ನು ತಡೆಯಲೆಂದು ರೂಪುಗೊಂಡ ‘ಹೆಪಾ’ ಸೋಸುಕ ೦.೩ ಮೈಕ್ರಾನಿನ ಕಣಗಳಲ್ಲಿ ನೂರಕ್ಕೆ ೯೯.೯೭ರಷ್ಟನ್ನು ಹಿಡಿಯುತ್ತದೆ. ಅದು ಸಿಕ್ಕರೆ ಇನ್ನೂ ಒಳ್ಳೆಯದು.

‘ಕೊಳವೆ ಎಷ್ಟು ಅಗಲ?’ ಎಂಬುದು ಎರಡನೆಯ ಪ್ರಶ್ನೆ. ಮರದ ಹೊಟ್ಟು ದಾರಿಯಲ್ಲಿ ಕೂರದಂತೆ ಸಾಗಬೇಕಾದರೆ ಗಾಳಿ ನಿಮಿಷಕ್ಕೆ ಸುಮಾರು ೪,೦೦೦ ಅಡಿ ವೇಗದಲ್ಲಿ ಹರಿಯಬೇಕು. ಆ ವೇಗದಲ್ಲಿ ೪ ಅಂಗುಲದ ಕೊಳವೆಯಲ್ಲಿ ಹಾಯುವುದು ನಿಮಿಷಕ್ಕೆ ೩೫೦ ಘನ ಅಡಿ ಗಾಳಿ. ೬ ಅಂಗುಲದ್ದರಲ್ಲಿ ೭೮೫. ಅಗಲ ಒಂದೂವರೆ ಪಟ್ಟಾದರೆ ಗಾಳಿ ಎರಡು ಪಟ್ಟಿಗೂ ಮೀರುತ್ತದೆ. ಕಾಲುವೆ ಕಿರಿದಾದರೆ ಕೆರೆ ದೊಡ್ಡದಿದ್ದು ಫಲವೇನು? ಹಾಗೆಯೇ ಕೊಳವೆ ಗಿಡ್ಡವಾಗಿರಲಿ, ನೆಟ್ಟಗಿರಲಿ. ಮಡಿಕೆ ಮಡಿಕೆಯಾದ ಮೆದು ಕೊಳವೆಯನ್ನು ಅಗತ್ಯವಿದ್ದಷ್ಟೇ ಬಳಸಿ. ಧೂಳು ಹುಟ್ಟುವ ಜಾಗಕ್ಕೇ ಅದರ ಬಾಯಿ ಹತ್ತಿರವಿರಲಿ. ಒಮ್ಮೆ ಗಾಳಿಗೆ ಬೆರೆತ ಸುಂಕನ್ನು ಅಟ್ಟಿಸಿಕೊಂಡು ಹೋಗುವುದು ವ್ಯರ್ಥ ಪ್ರಯಾಸ. ಚೀಲ ಬರಿದುಮಾಡುವಾಗ ಮುಖಕ್ಕೆ ಒಳ್ಳೆಯ ಮುಸುಕು ಧರಿಸುವುದನ್ನು ಮರೆಯಬೇಡಿ.

ಹಣ ಸಾಲದವರು ಏನು ಮಾಡಬೇಕು? ಬಾಗಿಲು ಕಿಟಕಿ ತೆರೆದಿಡಿ; ಉಜ್ಜುವ ಕೆಲಸವನ್ನು ಅಂಗಳಕ್ಕೆ ಒಯ್ಯಿರಿ; ಕೀಸುಳಿಯಿಂದ ಆಗುವ ಕೆಲಸಕ್ಕೆ ಉಪ್ಪುಕಾಗದ ಹಿಡಿಯಬೇಡಿ. ಚಿಲ್ಟರ್ನ್ ಕಾಡಿನ ಬಡಗಿಗಳು ಯಾವ ಯಂತ್ರವೂ ಇಲ್ಲದೆ ಮಾಡಿದ್ದು ಇದನ್ನೇ. ನಮ್ಮ ಮೈಸೂರಿನ ಕುಸುರಿ ಕೆಲಸಕ್ಕೆ ಹೆಸರಾದ ಬೀಟೆಯೂ ಗಟ್ಟಿಮರವೇ. ಅದರ ಧೂಳು ಕೆಲವರ ಚರ್ಮಕ್ಕೆ ತುರಿ, ಗಂಧೆಗಳನ್ನು ತರುವುದುಂಟು. ಮರ ನಮ್ಮದೆಂಬ ಮಾತ್ರಕ್ಕೆ ಧೂಳು ನಮ್ಮವರೆಂದು ಬಿಡುವುದಿಲ್ಲ.

ಆದ್ದರಿಂದ ಯಂತ್ರ ಕೊಳ್ಳಲು ಹೋದಾಗ ‘ಇದು ಎಷ್ಟು ಹೊಟ್ಟನ್ನು ನುಂಗುತ್ತದೆ?’ ಎಂದಷ್ಟೇ ಕೇಳಿ ಹಿಂತಿರುಗಬೇಡಿ; ‘ಸುಂಕನ್ನು ಎಲ್ಲಿಗೆ ಬಿಡುತ್ತದೆ?’ ಎಂದು ಕೇಳಿರಿ. ಕಾಣುವ ಹೊಟ್ಟನ್ನು ಪೊರಕೆಯೂ ತೆಗೆಯುತ್ತದೆ. ಯಂತ್ರ ಬೇಕಾಗಿರುವುದು ಕಾಣದ ಸುಂಕಿಗೆ.