ಸಿಗ್ರೂಪ್ ಡೆಲಿಗೇಶನ್: ಇತಿಹಾಸ

ರೂಟ್ ಅಧಿಕಾರವಿಲ್ಲದ ಹಿನ್ನೆಲೆ ಸೇವೆಯೊಂದು (ಡೀಮನ್) ತಾನು ಹುಟ್ಟುಹಾಕಿದ ಪ್ರೋಸೆಸ್‌ಗಳ ಮೆಮೊರಿ, ಸಿಪಿಯು ಬಳಕೆಗೆ ತಾನೇ ಮಿತಿ ಹಾಕಲು ಲಿನಕ್ಸ್ ಒದಗಿಸುವ ವ್ಯವಸ್ಥೆಯೇ ಸಿಗ್ರೂಪ್ ಡೆಲಿಗೇಶನ್.

1983ರ 4.2ಬಿಎಸ್‌ಡಿ ಯುನಿಕ್ಸ್‌ನಿಂದ ಬಂದ ಸೆಟ್‌ಆರ್‌ಲಿಮಿಟ್ ಎಂಬ ಸಿಸ್ಟಮ್ ಕರೆಯಲ್ಲಿ ಸಾಮಾನ್ಯ ಬಳಕೆದಾರನೂ ಮಿತಿ ಇಳಿಸಬಹುದು. ಆದರೆ ಮೆಮೊರಿಯ ಲೆಕ್ಕ ಅಲ್ಲಿ ಪ್ರತಿ ಪ್ರೋಸೆಸ್‌ಗೂ ಪ್ರತ್ಯೇಕ. ಸೇವೆಯ ಒಟ್ಟು ಬಳಕೆಗೆ ಅದು ಕಡಿವಾಣವಲ್ಲ. ಈ ಕೊರತೆ ನೀಗಲು ಗೂಗಲ್‌ನ ಪಾಲ್ ಮೆನೇಜ್, ರೋಹಿತ್ ಸೇಠ್ 2006ರಲ್ಲಿ ಆರಂಭಿಸಿದ, ಪ್ರೋಸೆಸ್‌ಗಳನ್ನು ಗುಂಪಾಗಿಸಿ ನಿಯಂತ್ರಿಸುವ ಸಿಗ್ರೂಪ್ (ಕಂಟ್ರೋಲ್ ಗ್ರೂಪ್) 2008ರ ಜನವರಿಯಲ್ಲಿ ಲಿನಕ್ಸ್ 2.6.24ರೊಡನೆ ಬಿಡುಗಡೆಯಾಯಿತು.

ಡೆಲಿಗೇಶನ್ ಎಂದಿನಿಂದ ಇದೆ ಎಂಬುದಕ್ಕೆ ಸರಳ ಉತ್ತರವಿಲ್ಲ. ಸಿಗ್ರೂಪ್‌ನ ಮೊದಲ ಆವೃತ್ತಿಯಲ್ಲೂ ಗುಂಪನ್ನು ಪ್ರತಿನಿಧಿಸುವ ಡೈರೆಕ್ಟರಿಯ ಒಡೆತನ ಬದಲಿಸಿದರೆ ಬಳಕೆದಾರ ಅದರೊಳಗೆ ಉಪಗುಂಪು ರಚಿಸಬಹುದಿತ್ತು. ಆದರೆ ಮೆಮೊರಿ, ಸಿಪಿಯು ಮುಂತಾದವುಗಳ ನಿಯಂತ್ರಕಗಳು ಬೇರೆಬೇರೆ ಡೈರೆಕ್ಟರಿ ಮರಗಳಲ್ಲಿ ಹರಡಿದ್ದವು, ಅಧಿಕಾರದ ಗಡಿಯೂ ಸ್ಪಷ್ಟವಿರಲಿಲ್ಲ. ರೂಟ್ ಅಲ್ಲದವರಿಗೆ ಇದನ್ನು ಬಿಟ್ಟುಕೊಡುವುದು ಸುರಕ್ಷಿತವಲ್ಲವೆಂಬುದು ಲಿನಕ್ಸ್‌ನ ಸೇವೆಗಳನ್ನು ನಿರ್ವಹಿಸುವ ಸಿಸ್ಟಮ್‌ಡಿ ಯೋಜನೆಯ ನಿಲುವು.

ಕರ್ನಲ್ ಅಭಿವೃದ್ಧಿಗಾರ ತೇಜುನ್ ಹಿಯೋ ನೇತೃತ್ವದ ಎರಡನೇ ಆವೃತ್ತಿ 2016ರ ಮಾರ್ಚ್‌ನ ಲಿನಕ್ಸ್ 4.5ರಲ್ಲಿ ಅಧಿಕೃತವಾಯಿತು. ಅದರಲ್ಲಿ ನಿಯಂತ್ರಕಗಳು ಒಂದೇ ಮರದಲ್ಲಿರುತ್ತವೆ. ಡೈರೆಕ್ಟರಿ, ಅದರ ‘ಸಿಗ್ರೂಪ್.ಪ್ರಾಕ್ಸ್’ ಮತ್ತು ‘ಸಿಗ್ರೂಪ್.ಸಬ್‌ಟ್ರೀ_ಕಂಟ್ರೋಲ್’ ಕಡತಗಳು ಸೇವೆಗೆ ಸಲ್ಲುತ್ತವೆ, ‘ಮೆಮೊರಿ.ಮ್ಯಾಕ್ಸ್’ನಂಥ ಮಿತಿಯ ಕಡತಗಳು ಸಲ್ಲುವುದಿಲ್ಲ, ಏಕೆಂದರೆ ಅವು ಮೇಲಿನ ಗುಂಪು ಕೊಟ್ಟ ಪಾಲನ್ನು ಹೇಳುತ್ತವೆ. ಸೇವೆ ತನ್ನ ಪಾಲನ್ನು ಕೆಳಗೆ ಹಂಚಬಹುದು, ಹಿಗ್ಗಿಸಿಕೊಳ್ಳಲಾಗದು. ಪ್ರೋಸೆಸನ್ನು ಒಂದು ಗುಂಪಿನಿಂದ ಇನ್ನೊಂದಕ್ಕೆ ಸಾಗಿಸಲು ಆ ಎರಡೂ ಗುಂಪುಗಳ ಹತ್ತಿರದ ಸಮಾನ ಪೂರ್ವಜ ಗುಂಪಿನಲ್ಲೂ ಬರೆಯುವ ಅನುಮತಿ ಬೇಕು. ಮಿತಿಯ ಕಡತಗಳೂ ಸೇರಿ ಇಡೀ ಡೈರೆಕ್ಟರಿಯ ಒಡೆತನವನ್ನು ಒಂದೇ ಆದೇಶದಲ್ಲಿ ಬದಲಿಸಿದರೆ ಈ ಗಡಿ ಅಳಿಸಿಹೋಗುತ್ತದೆ.

ಗಡಿ ಅನಂತರವೂ ಪರೀಕ್ಷೆಗೊಳಗಾಯಿತು. ಪ್ರೋಸೆಸ್ ಸಾಗಿಸುವಾಗ ಕಡತ ತೆರೆದವನ ಬದಲು ಬರೆಯುವವನ ಅಧಿಕಾರವನ್ನು ಕರ್ನಲ್ ನೋಡುತ್ತಿದ್ದರಿಂದ, ಹೆಚ್ಚಿನ ಅಧಿಕಾರವುಳ್ಳ ಪ್ರೋಗ್ರಾಮ್‌ನಿಂದ ಬರೆಸಿ ಗಡಿಯನ್ನು ದಾಟಲು ಸಾಧ್ಯವಿತ್ತು. ಸಿವಿಇ-2021-4197 ಎಂದು ದಾಖಲಾದ ಈ ದೋಷವನ್ನು, ತೆರೆದವನ ಅಧಿಕಾರವನ್ನೇ ಪರಿಗಣಿಸುವ ಮೂಲಕ ಸರಿಪಡಿಸಲಾಯಿತು.

ಸಿಸ್ಟಮ್‌ಡಿಯಲ್ಲಿ ‘ಡೆಲಿಗೇಟ್’ ಆಯ್ಕೆ 2014ರ 218ನೇ ಆವೃತ್ತಿಯಲ್ಲಿ ಬಂತು. ಅದನ್ನು ಹೊಂದಿಸದ ಸೇವೆಯ ಗುಂಪನ್ನು ಸಿಸ್ಟಮ್‌ಡಿ ತನ್ನದೆಂದೇ ಪರಿಗಣಿಸುತ್ತದೆ. ಪ್ರೋಸೆಸ್‌ಗಳಿರುವ ಗುಂಪು ತನ್ನ ಉಪಗುಂಪುಗಳಿಗೆ ಮೆಮೊರಿ ಮುಂತಾದ ನಿಯಂತ್ರಕಗಳನ್ನು ತೆರೆಯಲಾಗದ ಕಾರಣ, ಸೇವೆಯೇ ಮೊದಲು ಉಪಗುಂಪಿಗೆ ಸರಿಯಬೇಕಿತ್ತು. 2023ರ 254ನೇ ಆವೃತ್ತಿಯ ‘ಡೆಲಿಗೇಟ್‌ಸಬ್‌ಗ್ರೂಪ್’ ಆ ಕೆಲಸವನ್ನು ಸಿಸ್ಟಮ್‌ಡಿಗೆ ವಹಿಸಿತು.

ಲಿನಕ್ಸ್ ವಿತರಣೆಯಾದ ಫೆಡೋರಾ 31 (2019) ಸಿಗ್ರೂಪ್‌ನ ಎರಡನೇ ಆವೃತ್ತಿಯನ್ನು ಪೂರ್ವನಿಯೋಜಿತವಾಗಿ ಅಳವಡಿಸಿತು. ಮೊದಲ ಆವೃತ್ತಿಯ ಬೆಂಬಲವನ್ನು ಸಿಸ್ಟಮ್‌ಡಿ 2025ರ 258ನೇ ಆವೃತ್ತಿಯಲ್ಲಿ ತೆಗೆದುಹಾಕಿತು.