ದುಷ್ಟಾಶ್ವ ಮತ್ತು ಚಾವಟಿಯ ನಿಯಮ

ಬಿಡದಿ-ಮಾಗಡಿ ಸೀಮೆಗೆ ಸಮೀಪದ ಕುಣಿಗಲ್ಲು ಟಿಪ್ಪುವಿನ ಕಾಲದಿಂದ ಕುದುರೆ ಸಾಕಣೆಗೆ ಹೆಸರಾದುದು. ಆದರೆ ಕನ್ನಡ ನಾಡಿನ ಅಶ್ವವಿದ್ಯೆ ಅದಕ್ಕಿಂತ ಬಹು ಪ್ರಾಚೀನ. ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸು. ೧೧೨೯ರಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ಕುದುರೆಯ ಲಕ್ಷಣ, ಸವಾರಿ, ಚೆಂಡಾಟಗಳಿಗೆ ‘ವಾಜಿವಾಹ್ಯಾಲಿ’ ಎಂಬ ಪ್ರತ್ಯೇಕ ಅಧ್ಯಾಯವನ್ನೇ ಮೀಸಲಿರಿಸಿದೆ. ಅರಸನೇ ಏರುವ ಕುದುರೆ ಓಟದ ನಡುವೆ ಬೆದರಿದರೆ ಪ್ರಾಣಕ್ಕೇ ಅಪಾಯ. ಆದುದರಿಂದ ಅಶ್ವಶಿಕ್ಷಣವು ರಾಜ್ಯದ ಹಿತಕ್ಕೆ ಸೇರಿದ ವಿಷಯವಾಗಿತ್ತು.

ಇಂತಹ ಕುದುರೆಯನ್ನು ಹದಕ್ಕೆ ತರುವ ಕ್ರಮವನ್ನು ‘ಶುಕ್ರನೀತಿ’ ವಿವರಿಸುತ್ತದೆ. ಕೆನೆದಾಗ, ಮುಗ್ಗರಿಸಿದಾಗ, ಬೆದರಿದಾಗ, ದಾರಿ ತಪ್ಪಿದಾಗ ಚಾವಟಿಯ ಪೆಟ್ಟು ಬೀಳಬೇಕಾದ ಅಂಗಗಳನ್ನು ಅದು ಬೇರೆಬೇರೆಯಾಗಿ ಗೊತ್ತುಮಾಡುತ್ತದೆ. ಅಸ್ಥಾನದಲ್ಲಿ ಹೊಡೆದರೆ ಅನೇಕ ದೋಷಗಳು ಹುಟ್ಟುತ್ತವೆಂದೂ ಎಚ್ಚರಿಸುತ್ತದೆ. ಕುದುರೆಯ ದುಷ್ಟತನವು ಹುಟ್ಟುಗುಣ ಮಾತ್ರವಲ್ಲ, ಎಷ್ಟೋ ವೇಳೆ ಶಿಕ್ಷಕನ ಕೈತಪ್ಪಿನ ಫಲ ಎಂಬ ಅರಿವು ಈ ನಿಯಮದ ಹಿಂದಿದೆ.