ಮರಣದ ಲೆಕ್ಕಕ್ಕೆ ಸಿಗದ ನೋವು

ಮಂಡಿನೋವಿನಿಂದ ಯಾರೂ ಸಾಯುವುದಿಲ್ಲ. ಮೂಳೆ, ಕೀಲು, ಸ್ನಾಯುಗಳ ಕಾಯಿಲೆಗಳು ಸರ್ಕಾರಗಳ ಕಣ್ಣಿಗೆ ಬಹುಕಾಲ ಬೀಳದೆ ಹೋಗಲು ಇದೇ ಕಾರಣ. ಒಂದು ನಾಡಿನ ಆರೋಗ್ಯವನ್ನು ಸಾವಿನ ಸಂಖ್ಯೆಯಿಂದ ಅಳೆಯುವವರೆಗೂ ಸಿಡುಬು, ಕಾಲರಾ, ಕ್ಷಯಗಳೇ ದೊಡ್ಡ ರೋಗಗಳು. ಬಗ್ಗಿದ ಸೊಂಟ, ಏಳಲಾಗದ ಮಂಡಿ ಮನೆಯೊಳಗಿನ ಸಂಗತಿಗಳು. ಕಳೆದ ಐವತ್ತು ವರ್ಷಗಳಲ್ಲಿ ಅಳತೆ ಬದಲಾದಂತೆ ಈ ಹೊರೆ ಬೆಳಕಿಗೆ ಬಂದಿದೆ. ಆದರೆ ಅದನ್ನು ಮುಪ್ಪಿನ ಸಹಜ ಫಲವೆಂದು ಒಪ್ಪಿಕೊಳ್ಳುವ ಹಳೆಯ ರೂಢಿ ಇನ್ನೂ ಬದಲಾಗಿಲ್ಲ. ಅಂಕಿಅಂಶಗಳು ಆ ರೂಢಿಯನ್ನು ಅರ್ಧ ಮಾತ್ರ ಸಮರ್ಥಿಸುತ್ತವೆ.

ಕರ್ನಾಟಕದಲ್ಲಿ ಮೊದಲು ಗಮನ ಸೆಳೆದದ್ದು ಕಣ್ಣಿಗೆ ಎದ್ದು ಕಾಣುವ ವೈಕಲ್ಯ. 1970ರ ದಶಕದ ಮಧ್ಯದಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಸೊಂಟ ಮತ್ತು ಮಂಡಿಯ ಕೀಲುಗಳು ಹಾಳಾಗಿ ಕುಳ್ಳಾದ, ನಡೆಯಲಾಗದ ಜನರು ಪತ್ತೆಯಾದರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನಗಳ ನಂತರ ಅದು ವಂಶಪಾರಂಪರ್ಯವಾಗಿ ಬರುವ ಮೂಳೆರೋಗವೆಂಬ ತೀರ್ಮಾನ ಗಟ್ಟಿಯಾಯಿತು. ಪಾವಗಡ, ಬಾಗೇಪಲ್ಲಿಯಂಥ ಬಯಲುಸೀಮೆಯಲ್ಲಿ ಕಾರಣ ರಕ್ತದಲ್ಲಿರಲಿಲ್ಲ, ನೀರಿನಲ್ಲಿತ್ತು. ಗ್ರಾನೈಟ್ ಬಂಡೆಯ ಆಳದ ಕೊಳವೆಬಾವಿಗಳ ಫ್ಲೋರೈಡ್ ಮೂಳೆಗೆ ಸೇರಿ ಬೆನ್ನನ್ನೂ ಕೀಲನ್ನೂ ಬಿಗಿಯಿತು. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಎಂಬ ಮೇಲಿನ ಮಿತಿ ಇರುವುದು ಇದಕ್ಕಾಗಿಯೇ. ಇದಕ್ಕೆ ಮದ್ದು ಆಸ್ಪತ್ರೆಯಲ್ಲಿಲ್ಲ, ಶುದ್ಧ ನೀರಿನಲ್ಲಿದೆ. ಮೂಳೆಯ ರೋಗವನ್ನೂ ಸಾರ್ವಜನಿಕ ಕ್ರಮದಿಂದ ತಡೆಯಬಹುದು ಎಂಬುದಕ್ಕೆ ಇದು ನಮ್ಮ ನಾಡಿನದೇ ಸಾಕ್ಷಿ.

ಅಂಗ ಸೊಟ್ಟಗಾಗದ ದಿನನಿತ್ಯದ ನೋವನ್ನು ಎಣಿಸುವ ಕೆಲಸ ತಡವಾಗಿ ಶುರುವಾಯಿತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಸಂಧಿವಾತ ಸಂಘ 1981ರಲ್ಲಿ ಆರಂಭಿಸಿದ ‘ಕಾಪ್‌ಕಾರ್ಡ್’ ಯೋಜನೆ ಮನೆಮನೆಗೆ ಹೋಗಿ ನೋವನ್ನು ಕೇಳುವ ಸರಳ ವಿಧಾನ ರೂಪಿಸಿತು. 1996ರಲ್ಲಿ ಪುಣೆ ಜಿಲ್ಲೆಯ ಭಿಗವಣ್ ಗ್ರಾಮದಲ್ಲಿ ಡಾ. ಅರವಿಂದ ಚೋಪ್ರಾ ಅವರ ತಂಡ ಹೀಗೆ ಕೇಳಿದಾಗ ವಯಸ್ಕರಲ್ಲಿ ಶೇ. 18ರಷ್ಟು ಜನ ನೋವು ಹೇಳಿಕೊಂಡರು. ಇತ್ತ ವಿಶ್ವಬ್ಯಾಂಕಿನ 1993ರ ವರದಿ, ಅಕಾಲ ಮರಣದ ಜೊತೆಗೆ ನರಳಿ ಬದುಕಿದ ವರ್ಷಗಳನ್ನೂ ಕೂಡಿಸಿ ರೋಗದ ಹೊರೆಯನ್ನು ಅಳೆಯುವ ಕ್ರಮವನ್ನು ಮುಂದಿಟ್ಟಿತು. ಸಾವಿನ ಪಟ್ಟಿಯಲ್ಲಿ ಕಾಣದಿದ್ದ ಸೊಂಟನೋವು ಈ ಹೊಸ ಪಟ್ಟಿಯಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ವೈಕಲ್ಯ ತರುವ ಕಾಯಿಲೆಯಾಗಿ ಮೇಲೆ ಬಂತು. 2006ರ ಚಿಕೂನ್‌ಗುನ್ಯಾ ಕನ್ನಡಿಗರಿಗೆ ಇದೇ ಪಾಠವನ್ನು ಬೇರೆ ರೀತಿಯಲ್ಲಿ ಕಲಿಸಿತು. ರಾಜ್ಯದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ವರದಿಯಾದವು. ಜ್ವರ ವಾರದಲ್ಲಿ ಇಳಿದರೂ ಅನೇಕರಿಗೆ ಕೀಲುನೋವು ತಿಂಗಳುಗಟ್ಟಲೆ ಉಳಿದು ಕೂಲಿ ತಪ್ಪಿತು.

ದೀರ್ಘಕಾಲದ ಪ್ರವೃತ್ತಿ ಸ್ಪಷ್ಟವಾಗಿ ಕಾಣುವುದು ಮಂಡಿ ಸವೆತದಲ್ಲಿ, ಅಂದರೆ ಆಸ್ಟಿಯೋಆರ್ಥ್ರೈಟಿಸ್‌ನಲ್ಲಿ. ಕೀಲು ಸವೆತವಿರುವ ಭಾರತೀಯರು 1990ರಲ್ಲಿ ಸುಮಾರು 2.3 ಕೋಟಿ, 2019ರಲ್ಲಿ ಸುಮಾರು 6.2 ಕೋಟಿ ಎಂದು ಜಾಗತಿಕ ರೋಗಹೊರೆ ಅಧ್ಯಯನದ ಅಂದಾಜು. ಅವರಲ್ಲಿ ಹೆಚ್ಚಿನವರದು ಮಂಡಿಯ ತೊಂದರೆ. ಆದರೆ ವಯೋಮಾನದ ವ್ಯತ್ಯಾಸ ಸರಿದೂಗಿಸಿದರೆ ಲಕ್ಷಕ್ಕೆ ಸುಮಾರು 4,900 ಇದ್ದದ್ದು 5,300 ಆಗಿದೆ, ಅಷ್ಟೆ. ರೋಗಿಗಳು ಎರಡೂವರೆ ಪಟ್ಟು ಮೀರಿದರು, ದರ ಮಾತ್ರ ಹತ್ತರಲ್ಲೊಂದು ಪಾಲಿಗಿಂತಲೂ ಕಡಿಮೆ ಏರಿತು. ಉಳಿದದ್ದೆಲ್ಲ ಹೆಚ್ಚಿದ ಜನಸಂಖ್ಯೆ ಮತ್ತು ಉದ್ದವಾದ ಆಯಸ್ಸಿನ ಕೊಡುಗೆ.

ಹಾಗಾದರೆ ಇದು ಬರಿಯ ಮುಪ್ಪಲ್ಲವೇ, ಮಾಡಲು ಏನಿದೆ ಎಂದು ಕೇಳಬಹುದು. ಮುಪ್ಪು ಅನಿವಾರ್ಯ, ಅದರೊಂದಿಗಿನ ಅಸಹಾಯಕತೆ ಅನಿವಾರ್ಯವಲ್ಲ. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಅಧ್ಯಯನದಲ್ಲಿ ಸುಮಾರು ಐದು ಕಿಲೋ ತೂಕ ಇಳಿಸಿಕೊಂಡ ಮಹಿಳೆಯರಲ್ಲಿ ಮಂಡಿ ಸವೆತದ ಸಾಧ್ಯತೆ ಅರ್ಧಕ್ಕೆ ಇಳಿದದ್ದು 1992ರಲ್ಲೇ ವರದಿಯಾಗಿದೆ. ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮದಿಂದ ನೋವು ಕಡಿಮೆಯಾಗುತ್ತದೆ. ಇನ್ನೊಂದು ಆಕ್ಷೇಪ, ಈ ಲೆಕ್ಕಗಳು ಜನರ ಬಾಯಿಮಾತನ್ನು ನೆಚ್ಚಿವೆ ಎಂಬುದು. ಹೌದು, ಎಕ್ಸ್‌ರೇ ಹೇಳುವುದಕ್ಕೂ ರೋಗಿ ಹೇಳುವುದಕ್ಕೂ ಎಷ್ಟೋ ಸಲ ತಾಳೆಯಾಗುವುದಿಲ್ಲ. ಆದರೆ ಹೊಲಕ್ಕೆ ಹೋಗಲಾಗದಂತೆ ತಡೆಯುವುದು ಎಕ್ಸ್‌ರೇಯ ಚಿತ್ರವಲ್ಲ, ನೋವೇ. ದೇಶದ ಅಂದಾಜುಗಳು ಕೆಲವೇ ಸಮೀಕ್ಷೆಗಳ ಮೇಲೆ ನಿಂತಿವೆ ಎಂಬ ದೂರು ಇದಕ್ಕಿಂತ ಗಟ್ಟಿಯಾದದ್ದು. ಅದಕ್ಕೆ ಉತ್ತರ ಇನ್ನಷ್ಟು ಎಣಿಸುವುದೇ ಹೊರತು ಕೈಬಿಡುವುದಲ್ಲ.

ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರಿನಂಥ ಹೋಬಳಿಯಲ್ಲಿ, ಹೊಲದ ಕೆಲಸ ತಡೆಯುವುದು ನೋವೇ ಎಂಬ ಮಾತಿಗೆ ನೇರ ಅರ್ಥವಿದೆ. ರಾಗಿ ಹೊಲದ ಕಳೆ, ಆಲೂಗೆಡ್ಡೆಯ ಅಗೆತ, ತೆಂಗಿನಕಾಯಿ ಸುಲಿತ, ತಲೆಹೊರೆಯ ಹುಲ್ಲು: ಎಲ್ಲವೂ ಬಗ್ಗಿ, ಕುಕ್ಕುರುಗಾಲಲ್ಲಿ ಕೂತು, ಹೊತ್ತು ಮಾಡುವ ಕೆಲಸ. ಕಳೆ ಕೀಳುವವರು ಬಹುಪಾಲು ಹೆಂಗಸರು. ನೋವು ಬಂದಾಗ ಕೈಗೆ ಸಿಗುವುದು ಅಂಗಡಿಯ ಮಾತ್ರೆ. ಅದನ್ನು ವರ್ಷಗಟ್ಟಲೆ ನುಂಗಿದರೆ ಹೊಟ್ಟೆಗೂ ಮೂತ್ರಪಿಂಡಕ್ಕೂ ಪೆಟ್ಟು. ನಮ್ಮ ನೀತಿಯ ಗಮನವೆಲ್ಲ ಕೊನೆಯ ಹಂತದಲ್ಲಿದೆ. 2017ರಲ್ಲಿ ಕೃತಕ ಮಂಡಿಯ ಬೆಲೆಗೆ ಕೇಂದ್ರ ಮಿತಿ ಹಾಕಿದ್ದು ಒಳ್ಳೆಯದೇ. ಆದರೆ 2010ರಲ್ಲಿ ಆರಂಭವಾದ ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮ ಕ್ಯಾನ್ಸರ್, ಮಧುಮೇಹ, ಹೃದ್ರೋಗ, ಪಾರ್ಶ್ವವಾಯುಗಳನ್ನು ಹೆಸರಿಸಿತು, ಕೀಲುಗಳನ್ನು ಹೆಸರಿಸಲಿಲ್ಲ. ಕೊಲ್ಲುವ ರೋಗವೇ ರೋಗ ಎಂಬ ಹಳೆಯ ಲೆಕ್ಕ ಅಲ್ಲಿಯೂ ಮುಂದುವರಿದಿದೆ.

ಬೇಕಾಗಿರುವುದು ದುಬಾರಿಯದ್ದೇನಲ್ಲ. ಬಿಪಿ, ಶುಗರ್ ವಿಚಾರಿಸುವ ಆಶಾ ಕಾರ್ಯಕರ್ತೆ ಮಂಡಿ, ಸೊಂಟದ ಬಗ್ಗೆಯೂ ಒಂದು ಪ್ರಶ್ನೆ ಕೇಳಲಿ. ಪ್ರತಿ ಹೋಬಳಿಯ ಆರೋಗ್ಯ ಕೇಂದ್ರಕ್ಕೆ ವಾರಕ್ಕೊಮ್ಮೆಯಾದರೂ ಫಿಸಿಯೋಥೆರಪಿಸ್ಟ್ ಬರಲಿ. ನಿಂತು ಕಳೆ ತೆಗೆಯುವ ಉದ್ದ ಹಿಡಿಯ ಸಲಕರಣೆಗಳನ್ನು ಕೃಷಿ ಇಲಾಖೆ ಹೆಂಗಸರ ಕೈಗೆ ತಲುಪಿಸಲಿ. ಆಯಸ್ಸನ್ನು ಹೆಚ್ಚಿಸಿದ ಸರ್ಕಾರಕ್ಕೆ, ಆ ಹೆಚ್ಚಿದ ವರ್ಷಗಳಲ್ಲಿ ಜನ ತಮ್ಮ ಕಾಲ ಮೇಲೆ ತಾವು ನಿಲ್ಲುವಂತೆ ನೋಡಿಕೊಳ್ಳುವ ಹೊಣೆಯೂ ಇದೆ.